ಮೂರನೇ ನೀರು

ಬ್ರಾಡವೇದಾಗ ಮಾಳಿಗಿ ಮ್ಯಾಲೆ
ಹಲ್ಲಿನ ಡಾಕ್ಟರ ಲಿಯಾಂಗನ ದವಾಖಾನಿ,
ಕೆಳಗ ನಮ್ಮಪ್ಪ ಖತಾಲಸಾಬನ ಚಾದಂಗಡಿ.
ನಾನು ಒಂಬತ್ತರ ಪೋರ, ಕೈಯಾಗ ತಂತಿ ಬುಟ್ಟಿ,
ಬುಟ್ಟ್ಯಾಗ ಆರು ಗ್ಲಾಸು.

ಮೊದಲನೇ ದಿನ ನಮ್ಮ ಚಾ ಮೂಸಿ ನೋಡಿ
"ಇದರಾಗ ಹಾಲು ಯಾಕ? ಎಲಿಗೆ ಜಡ್ಡಾಗೇತೇನು?" ಅಂದ.
ಅಪ್ಪ ಸಿಟ್ಟಿನಿಂದ ಇನ್ನೊಂದು ಚಮಚ ಸಕ್ಕರಿ ಸುರದ.
ಆಮ್ಯಾಲೆ ದಿನಾ ನಾಕಕ್ಕ
ಬರೇ ಬಿಸಿನೀರು ಒಯ್ಯೋದು ನನ್ನ ಕೆಲಸ,
ಕಿಟ್ಲಿಗೆ ಒಂದಾಣೆ.

ಮೇಣ, ಇಕ್ಕಳ, ಹಲ್ಲಿನ ಅಚ್ಚುಗಳ ನಡುವ
ಒಂದು ಮುಚ್ಚಳದ ಬಟ್ಟಲ.
ಡಬ್ಬ್ಯಾಗಿಂದ ಚಿಟಿಕಿ ಎಲಿ: ನೋಡಿದರ ಒಣಗಿದ ಮೆಂತೇಪಲ್ಲೆ,
ವಾಸನಿ ಮಾತ್ರ ಮೊದಲ ಮಳಿಗೆ ತೊಯ್ದ ಬಣವಿದು.
ಮೊದಲನೇ ನೀರು ಚೆಲ್ಲಿಬಿಡತಿದ್ದ,
"ದೂರದಿಂದ ಬಂದೈತಿ, ಮಾರಿ ತೊಕ್ಕೊಳ್ಳಿ."
ಎರಡನೇದು ತನಗ.
ಮೂರನೇದು "ಬರವರಿಗೆ."
ಯಾರ ಬರತಾರ ಅಂತ ನಾ ಕೇಳಲಿಲ್ಲ.
ಸುದ್ದಿ ಕೇಳಿ ಅಪ್ಪ, "ಒಂದ ಎಲಿಗೆ ಮೂರು ಸಲ!
ವ್ಯಾಪಾರ ಅಂದ್ರ ಇವನ ಹತ್ರ ಕಲೀಬೇಕು."

ನಾ ನೀರು ಬಗ್ಗಿಸಿದರ
ಎರಡು ಬೆರಳು ಮಡಚಿ ಮೇಜಿಗೆ ಟಕ್ ಟಕ್ ಬಡೀತಿದ್ದ.
ಇನ್ನೂ ಹಾಕು ಅಂತಾನ ಅನಕೊಂಡು ಹಾಕಿದೆ.
ಮತ್ತ ಟಕ್ ಟಕ್. ಮತ್ತ ನಾನು.
ನೀರು ಬಟ್ಟಲ ದಾಟಿ, ಮೇಜು ದಾಟಿ
ಯಾರದೋ ಪ್ಲಾಸ್ಟರಿನ ದವಡಿ ತೊಯಿಸಿತು.
ಹೊಟ್ಟಿ ಹಿಡಕೊಂಡು ನಕ್ಕ.
"ಅದು ನಮ್ಮ ಕಡೆ ನಮಸ್ಕಾರಪಾ.
ಬಾಯಾಗ ಚಾ ಇದ್ದಾಗ ಬೆರಳು ಮಂಡಿ ಊರತಾವು."

ಈ ಊರಿಗೆ ಹೆಂಗ ಬಂದ್ರಿ ಅಂತ ಕೇಳಿದ್ದೆ.
ಪುಣೇದಿಂದ ಬೆಂಗಳೂರಿಗೆ ಹೊಂಟಾಂವ,
ನಿದ್ದಿಗಣ್ಣಾಗ ಯಾರೋ "ಚಾ, ಚಾ" ಅಂತ ಕೂಗಿದರಂತ.
ತನ್ನ ಓಣಿಯ ದನಿ ಅನಿಸಿತಂತ.
ಟ್ರಂಕು ಇಳಿಸಿ ನಿಂತರ
ಪ್ಲಾಟಫಾರ್ಮಿನ ತುಂಬ ಗುರ್ತಿಲ್ಲದ ಮಂದಿ,
ಗುರ್ತಿದ್ದದ್ದು ಆ ಒಂದ ಶಬ್ದ.

ಗಡಿಯಾಗ ಗುಂಡು ಹಾರಿದ ವರ್ಷ
ದಿನಾ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಿ ಬರತಿದ್ದ.
ಒಂದಿನ ಮಾಳಿಗಿಗೆ ಕೀಲಿ.
ಆವತ್ತೂ ನಾಕಕ್ಕ ಅಪ್ಪ ನೀರು ಕಾಸಿದ,
ಐದರ ತನಕ ಕಾದ,
ಆಮ್ಯಾಲೆ ಅದರಾಗ ಗ್ಲಾಸು ತೊಳೆದ.

ಈಗ ನನ್ನ ಬಾಯಾಗಿನ ಹಲ್ಲು ನನ್ನವಲ್ಲ.
ಸೊಸಿ ಬಸಿಗೆ ಚಾ ಬಗ್ಗಸತಾಳ,
ಹಾಲು, ಶುಂಠಿ, ಎಲ್ಲಾ ಹಾಕಿದ್ದು.
ಬೆರಳು ತಾವಾಗೇ ಟಕ್ ಟಕ್ ಅಂತಾವು.
"ಸಾಕಾಗಲಿಲ್ಲೇನ್ರಿ?" ಅಂತ ಮತ್ತಷ್ಟು ಹಾಕತಾಳ.
ಬಸಿ ತುಂಬಿ ಹರೀತೈತಿ.
ನಾ ಬ್ಯಾಡ ಅನ್ನೂದಿಲ್ಲ.