ಐದು ನಿಮಿಷದ ಪಟ್ಟಿ

ಔಲುವಿನ ಡಿಸೆಂಬರು. ಗಂಟೆ ಒಂಬತ್ತಾದರೂ
ಕಿಟಕಿಯಾಚೆ ನಿನ್ನೆಯ ರಾತ್ರಿಯೇ ಮುಂದುವರಿದಿದೆ.
ಒಯ್ವ ಬಂದ. ಹನ್ನೊಂದು ವರ್ಷ.
ಬೂಟಿನ ಹಿಮ ಕೊಡವಿ, ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು,
ಏನೂ ತಿಂದಿಲ್ಲವೆಂದು ನಾನು ಕೇಳುವ ಮೊದಲೇ ಒಪ್ಪಿಸಿದ.
ಸಕ್ಕರೆ ಎಷ್ಟು ಎಂದರೆ
ತೋಳಿಗಂಟಿದ ಬಿಲ್ಲೆಗೆ ಫೋನು ತಾಗಿಸಿ
ಏಳು ಪಾಯಿಂಟ್ ಎರಡು ಅಂದ,
ನಾವು ಮಗ್ಗಿ ಹೇಳುತ್ತಿದ್ದೆವಲ್ಲ, ಆ ದನಿಯಲ್ಲಿ.

ನನ್ನ ಕೆಲಸ ಇಷ್ಟೇ:
ಮೊಣಕೈ ಕೆಳಗೆ ಪಟ್ಟಿ ಬಿಗಿದು, ಗಾಳಿ ತುಂಬಿ,
ಐದು ನಿಮಿಷ ನೆತ್ತರ ದಾರಿ ಮುಚ್ಚುವುದು.
ಆಮೇಲೆ ಬಿಡುವುದು.
ನುಗ್ಗಿ ಬರುವ ನೆತ್ತರಿಗೆ
ನಾಳ ಎಷ್ಟು ಜಾಗ ಬಿಟ್ಟಿತೆಂದು
ಮಿಲಿಮೀಟರಿನ ಚೂರುಗಳಲ್ಲಿ ಅಳೆಯುವುದು.
ಒಳ್ಳೆಯ ನಾಳ, ಬಸ್ಸಿನಲ್ಲಿ ಕೆಲವರಿರುತ್ತಾರಲ್ಲ,
ಕೇಳುವ ಮೊದಲೇ ಸರಿದು ಕೂರುತ್ತದೆ.
ಬಹುಕಾಲ ಸಕ್ಕರೆ ಹರಿದ ನಾಳ
ಕೇಳಿಸಲೇ ಇಲ್ಲವೆಂಬಂತೆ ಹೊರಗೆ ನೋಡುತ್ತದೆ.

ಎಂಟು ವಾರ, ದಿನಕ್ಕೊಂದು ಮಾತ್ರೆ.
ಕೆಲವರದು ವಿಟಮಿನ್, ಕೆಲವರದು ಬರಿಯ ಪಿಷ್ಟ;
ಯಾರದು ಯಾವುದೆಂದು ಅವರಿಗೂ ಗೊತ್ತಿಲ್ಲ, ನನಗೂ ಇಲ್ಲ.
ಗೊತ್ತಿರುವ ಲಕೋಟೆ ಹೆಲ್ಸಿಂಕಿಯಲ್ಲಿ ಬೀಗದೊಳಗಿದೆ.
ಒಯ್ವನ ಡಬ್ಬಿ ಖಾಲಿ. ಲೆಕ್ಕ ಚೊಕ್ಕ.
ಉಳಿದದ್ದು: ಸೊನ್ನೆ. ಬರೆದುಕೊಂಡೆ.

ಮೂರನೆಯ ನಿಮಿಷ, ಬೆರಳುಗಳು ನೀಲಿಗೆ ತಿರುಗುವಾಗ
ಚಾವಣಿ ನೋಡುತ್ತ ಕೇಳಿದ:
ಇದು ಮುದುಕರಿಗೂ ಹಿಡಿಯುತ್ತಾ?
ಯಾವುದು?
ಮಾತ್ರೆ. ಅಜ್ಜಿಯ ಕಾಲ್ಬೆರಳು ಎರಡು ತೆಗೆದರು.
ಈಗ ಮೂರನೆಯದೂ ಕಪ್ಪಗಾಗಿದೆ.

ಒಯ್ವ ಒಯ್ದಿದ್ದಾನೆ.
ಕೈಗವಸಿನ ಹೆಬ್ಬೆರಳಲ್ಲಿ ಬಚ್ಚಿಟ್ಟು,
ಭಾನುವಾರಕ್ಕೆ ಏಳರಂತೆ, ಅಪ್ಪನಿಗೂ ಹೇಳದೆ.
ಅಜ್ಜಿ ಇರ್ಮೆಲಿ ಅವನ್ನು ಸಕ್ಕರೆಯ ಬದಲು ಎಂದು ನಕ್ಕು
ಕಾಫಿಯ ಜೊತೆ ನುಂಗಿದಳಂತೆ.

ಗಡಿಯಾರ ಐದು ಮುಟ್ಟಿತು. ಗಾಳಿ ಬಿಟ್ಟೆ.
ಪರದೆಯ ಮೇಲೆ ಆ ಕಪ್ಪು ಗೆರೆ
ಸರಿಯಿತು, ಒಂದಿಷ್ಟು;
ಹಿಂದಿನ ಸಲ ಸರಿದಷ್ಟೇ.
ಅಂಗೈಗೆ ಮತ್ತೆ ಕೆಂಪು ಬಂತು. ಜುಮ್ಮೆಂದಿತೇನೋ, ನಕ್ಕ.

ಸೊನ್ನೆ ಹೊಡೆದುಹಾಕಿದೆ. ಮತ್ತೆ ಬರೆದೆ.
ತಿಂದದ್ದು ಸೊನ್ನೆ, ಉಳಿದದ್ದು ಸೊನ್ನೆ.
ಐವತ್ತಾರನ್ನು ಎಲ್ಲಿ ಬರೆಯುವುದು?
ಆ ಹಾಳೆಯಲ್ಲಿ ಅಜ್ಜಿಯರಿಗೆ ಕಾಲಂ ಇಲ್ಲ.
ಡಾಕ್ಟರರು ಓದುತ್ತಾರೆ, ಒಯ್ವನ ಹೆಸರು ಪಟ್ಟಿಯಿಂದ ಬಿಡುತ್ತಾರೆ,
ಬಿಡಲೇಬೇಕು; ನಾನಿದ್ದರೂ ಬಿಡುತ್ತಿದ್ದೆ.

ಪಾದದ ದಾದಿಗೆ ಫೋನು ಮಾಡಿ
ಮಂಗಳವಾರ ಎಂಟೂವರೆಗೆ ಇರ್ಮೆಲಿಯ ಹೆಸರು ಬರೆಸಿದೆ.
ಇನ್ಸುಲಿನ್ ಚುಚ್ಚಿಕೊಂಡು, ರೈ ರೊಟ್ಟಿ ಅಗಿಯುತ್ತ ಕೂತ ಹುಡುಗ
ತೋಳಿಗೆ ಮೆತ್ತಿದ ಜೆಲ್ಲನ್ನು ಅಂಗಿಗೇ ಒರೆಸಿಕೊಂಡ.
ಹೊರಗೆ, ಹತ್ತೂವರೆಯ ಹೊತ್ತಿಗೆ,
ಬೆಳಕಿನಂಥದ್ದೇನೋ.