ತಂತಿ ನುಂಗಿದ ಪೇರಲೆ

ಗಂಧದ ಕೋಟಾ ಈ ಸಲವೂ ಬರಲಿಲ್ಲ.
ಡಿಪೋದ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ
'ಮುಂದಿನ ತಿಂಗಳು' ಅಂದ.
ಮೂರು ವರ್ಷದಿಂದ ಅವನ ಬಳಿ ಇರುವುದು
ಅದೊಂದೇ ತಿಂಗಳು.

ಸಾಗರದ ಪೇಟೆ ದಾಟಿ ಸೈಕಲ್ ತಳ್ಳಿಕೊಂಡು ಬಂದರೆ
ಲೈನ್‌ಮನ್ ಹಾಲೇಶ ಕರೆಂಟು ತಂತಿಯ ಕೆಳಗೆ
ನಮ್ಮ ಓಣಿಯ ತಲೆ ಬೋಳಿಸುತ್ತಿದ್ದ.
ಜುಬೇದಾ ಟೀಚರ ಹಿತ್ತಲ ಪೇರಲೆ ನೆಲಕ್ಕೆ ಒರಗಿತ್ತು.
ಹಣ್ಣಿಗೆ ಹುಳ, ರಾತ್ರಿ ಬಾವಲಿ ಕಾಟ,
ಕಡಿದೇ ಬಿಡಪ್ಪ ಅಂದರಂತೆ.
'ಒಲೆಗಾದರೂ ಒಯ್ಯಿ ಮಾರಾಯ' ಅಂತ ಹಾಲೇಶ
ತೊಡೆ ಗಾತ್ರದ ಎರಡು ತುಂಡು
ಕ್ಯಾರಿಯರ್‌ಗೆ ಬಿಗಿದ.

ನಮ್ಮ ಗುಡಿಗಾರರಲ್ಲಿ ಮರ ಅಂದರೆ ನಾಲ್ಕೇ ಹೆಸರು:
ಗಂಧ, ಬೀಟೆ, ತೇಗ, ಶಿವನೆ.
ಉಳಿದದ್ದೆಲ್ಲ ಸೌದೆ.
ಅಪ್ಪ ಹಾಗೇ ಕಲಿಸಿದ್ದ, ಅವನಿಗೆ ಅವನಪ್ಪ;
ಆನೆಯ ಸೊಂಡಿಲ ಮೇಲೆ ಕೂದಲೆಳೆಯ ಬಳ್ಳಿ ಹಬ್ಬಿಸುವ ಕೈ
ಕಾರೆಮುಳ್ಳು ಚುಚ್ಚಿದಾಗ ಮಾತ್ರ
ಕಾರೆಯ ಹೆಸರೆತ್ತುತ್ತಿತ್ತು,
ಅದೂ ಬೈಗುಳದ ಜೊತೆ.

ತುಂಡುಗಳ ತುದಿಗೆ ಸಗಣಿ ಮೆತ್ತಿ
ಬಚ್ಚಲ ಅಟ್ಟಕ್ಕೆ ಎಸೆದು ಮರೆತೆ.
ಒಂದು ಮಳೆಗಾಲ ಹೋಯಿತು, ಎರಡು ಬೇಸಿಗೆ.
ಒಂದು ಮಧ್ಯಾಹ್ನ ಕೈ ಸುಮ್ಮನಿರಲಾರದೆ
ಒಂದನ್ನು ಲೇತಿಗೆ ಕೊಟ್ಟೆ.

ಮೊದಲು ತೊಗಟೆ ಹಾರಿತು, ಹಪ್ಪಳದ ಚೂರಿನ ಹಾಗೆ.
ಆಮೇಲೆ ಉಳಿ ಒಮ್ಮೆಲೇ ದನಿ ಬದಲಿಸಿತು:
ಕರಕರ ನಿಂತು
ಬಾಳೆಲೆ ಹರಿದಂಥ ಒಂದೇ ಉದ್ದದ ಸದ್ದು.
ಸುರುಳಿ ಸುರುಳಿ ಮೊಣಕೈವರೆಗೆ ಏರಿ ಕೂತವು.
ಬಣ್ಣವೋ, ಹಾಲು ಜಾಸ್ತಿಯಾದ ಚಹಾ;
ಬೆಲ್ಲ ಸರಿಯಾಗಿ ಕದಡದೆ ಬಿಟ್ಟಂತೆ
ಅಲ್ಲಲ್ಲಿ ಕಂದು ಎಳೆ.
ಬೆರಳಿಟ್ಟರೆ ಹಲ್ಲಿನ ನುಣುಪು.

ಟಣ್ ಅಂತು. ಉಳಿಯ ಬಾಯಿ ಮುರಿಯಿತು.
ಯಂತ್ರ ನಿಂತಾಗ ಕಂಡದ್ದು
ನೀಲಿ.

ಮಸಿಕುಡಿಕೆ ಒಳಗೊಳಗೇ ಒಡೆದು ಹರಿದ ಹಾಗೆ
ನೀಲಿ, ಅಂಚಿಗೆ ಕಪ್ಪು, ನಡುವೆ ತುಕ್ಕಿನ ಒಂದು ಚುಕ್ಕೆ.
ಇಕ್ಕಳದಲ್ಲಿ ಹಿಡಿದೆಳೆದರೆ ಅರ್ಧ ಗೇಣು ತಂತಿ!
ಬಟ್ಟೆ ಒಣಗಿಸಲು ಯಾವತ್ತೋ ಎಳೆ ಕಾಂಡಕ್ಕೆ ಸುತ್ತಿದ್ದು.
ಬಿಚ್ಚಲು ಯಾರಿಗೂ ನೆನಪಾಗಿಲ್ಲ,
ಮರ ನುಂಗಿದೆ.
ನುಂಗಿದ್ದನ್ನು ತನ್ನ ಒಗರಲ್ಲಿ ನೆನೆಸಿ ನೆನೆಸಿ
ಶಾಯಿ ಮಾಡಿದೆ.
ಅಳಲೆಕಾಯಿ ಕಬ್ಬಿಣದ ಬಾಣಲೆಯಲ್ಲಿ ಕುದಿಸಿ
ಅಜ್ಜಿ ಇಳಿಸುತ್ತಿದ್ದ ಮಸಿ, ಥೇಟು ಅದೇ.

ಅಲ್ಲಿಂದ ಶುರು, ಬೇಲಿ ಕಂಡಲ್ಲಿ ಕಾಲು ನಿಲ್ಲುವ ಚಟ.
ಕರಿಬೇವಿನ ಒಳಗು ಮಜ್ಜಿಗೆ ಬಿಳುಪು.
ಬೈಸಿಕೊಂಡ ಕಾರೆ, ಅಪ್ಪಾ, ದಂತದ ತಂಗಿ ಕಣೋ ಅದು!
ದನ ಕಟ್ಟುವ ಸಳ್ಳೆಗೂಟವನ್ನೂ ಬಿಡಲಿಲ್ಲ.
ಪಾರಿಜಾತ ಮಾತ್ರ ಕೈಕೊಟ್ಟಿತು,
ಒಣಗುವ ಮೊದಲೇ ಸೀಳಿ ಎರಡಾಯಿತು.
ನಾಗವೇಣಿ ಬೆಳಿಗ್ಗೆ ಒಲೆ ಮುಂದೆ ನಿಂತು
ಒಂದೊಂದೇ ಕೊಳ್ಳಿ ಎತ್ತಿ ತೋರಿಸುತ್ತಾಳೆ:
'ಇದು ಸುಡುವುದೋ, ಪೂಜೆ ಮಾಡುವುದೋ?'

ಭರಣಿ ಮುಗಿದ ದಿನ ಟೀಚರಿಗೆ ಒಯ್ದು ಕೊಟ್ಟೆ.
ಮುಚ್ಚಳ ತೆಗೆದು ಮೂಸಿದರು, ತಿರುಗಿಸಿದರು,
ನೀಲಿಯ ಮೇಲೆ ಹೆಬ್ಬೆರಳು ಉಜ್ಜಿದರು.
'ಅಯ್ಯೋ, ಇಲ್ಲಿ ಕಲೆ ಉಳಿದಿದೆಯಲ್ಲ?'
ಹೌದು ಟೀಚರ್, ಅಂದೆ, ಕಲೆ.
ತಂತಿಯ ತುಂಡು ಅಂಗೈಯಲ್ಲಿಟ್ಟೆ.
ಒಂದು ಗಳಿಗೆ ಸುಮ್ಮನಿದ್ದು ನಕ್ಕರು:
'ನಮ್ಮತ್ತೆ ಕಟ್ಟಿಸಿದ್ದು. ನನ್ನ ಎಷ್ಟು ದುಪಟ್ಟಾಗೆ
ತುಕ್ಕು ಮೆತ್ತಿಸಿತ್ತು ಗೊತ್ತಾ ಇದು!'
ಅಡುಗೆಮನೆಯಿಂದ ಲವಂಗ ತಂದು ತುಂಬಿದರು.
ಬೆಲೆ ಕೇಳಿದರು.
ಮುನ್ನೂರು ಅಂದೆ.
'ನಮ್ಮ ಮರಕ್ಕೇ?'
ಇನ್ನೂರೈವತ್ತಕ್ಕೆ ನಿಂತಿತು.

ಹೊರಡುವಾಗ ಹಿತ್ತಲಿಗೆ ಇಣುಕಿದೆ.
ಕಡಿದ ಬುಡದಿಂದ ಪೇರಲೆ ಮತ್ತೆ ಚಿಗಿತು
ನನ್ನೆತ್ತರ ನಿಂತಿದೆ,
ಆಗಲೇ ಅದಕ್ಕೊಂದು ಹಗ್ಗ ಬಿಗಿದು ಲಂಗ ಒಣಗಹಾಕಿದ್ದಾರೆ.
ಮುಟ್ಟಿ ನೋಡಿದೆ.
ನೈಲಾನು.