ಅಕ್ಷರಕ್ಕೆ ಇಷ್ಟು

ಓಸ್ತಿಯಾ ಬಂದರಿನ ಬೀದಿ. ಕಲ್ಲುಕುಟಿಗ ಹಿಲಾರುಸ್
ಮೊದಲೇ ಹೇಳಿಬಿಟ್ಟ: ಲೆಕ್ಕ, ಅಕ್ಷರಕ್ಕೆ ಇಷ್ಟು.
ಹಗ್ಗ ಹೊಸೆಯುವ ಟ್ರೋಫಿಮುಸ್ ಸೊಂಟದ ಗಂಟು ಬಿಚ್ಚಿ
ಎಣಿಸಿದ. ಮತ್ತೆ ಎಣಿಸಿದ.

ಹೆಸರು ಬೇಕೇ ಬೇಕು: ಸಿಲ್ವಿನಾ.
ನಾಲ್ಕು ವರ್ಷ ಬೇಕು. ಎರಡು ತಿಂಗಳೂ.
ದಿನ ಹನ್ನೊಂದು, ಬಿಡೋಣವೇ?
ಬಿಡಬೇಡ, ಅಂದ. ಹನ್ನೊಂದನೆಯ ದಿನ
ಅವಳು ಅಂಜೂರ ಕೇಳಿದ್ದಳು.

‘ಮಣ್ಣೇ, ಇವಳ ಮೇಲೆ ಹಗುರಾಗಿರು’
ಅನ್ನುವಷ್ಟು ಕಾಸು ಉಳಿಯಲಿಲ್ಲ.
ಅದಕ್ಕೇನು, ನಾಲ್ಕೇ ಅಕ್ಷರ ಸಾಕು, ಅಂದ ಕುಟಿಗ,
ಊರಿಗೆಲ್ಲ ಬಾಯಿಪಾಠದ ಮಾತು,
ಮಿಕ್ಕಿದ್ದನ್ನು ದಾರಿಹೋಕರೇ ತುಂಬಿಕೊಳ್ಳುತ್ತಾರೆ,
ಪುಕ್ಕಟೆಯಾಗಿ.

ಉಳಿ ಹಿಡಿದವನಿಗೆ ವ್ಯಾಕರಣ ಯಾರು ಕಲಿಸಿದ್ದರು?
‘ವಿಕ್ಸಿತ್’, ಬಾಳಿದಳು, ಎಂದಿರಬೇಕಾದಲ್ಲಿ
‘ಬಿಕ್ಸಿತ್’ ಎಂದು ಕೊರೆದ.
ಅಪ್ಪ ಹೇಳಿದ್ದೇ ಹಾಗೆ, ತುಟಿ ಒತ್ತಿ,
ಅಳು ಈಚೆ ಬಾರದ ಹಾಗೆ.

ವನ ಬನವಾದ ಹಾದಿಯಲ್ಲೇ
ಎಲ್ಲ ನುಡಿಗಳೂ ಮನೆಗೆ ನಡೆಯುತ್ತವೇನೋ.

ಸೆನೆಟಿನ ಭಾಷಣಗಳು ಒಂದು ಕಾಗುಣಿತ ತಪ್ಪದೆ
ನಮ್ಮವರೆಗೆ ಬಂದಿವೆ.
ಕಿವಿಯಿಟ್ಟರೆ ದನಿಯಿಲ್ಲ.

ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಓರ್ನೆಲ್ಲಾ
ಮೆತ್ತನೆಯ ಕುಂಚದಿಂದ ಮಣ್ಣು ತೆಗೆಯುತ್ತಾಳೆ,
ಹಗುರಾಗಿ.
ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ:
ಅರ್ಧ ಒಡೆದಿದೆ. ಬರೆಹದಲ್ಲಿ ಒಂದು ತಪ್ಪು, ವ ಬದಲು ಬ.
ಆಮೇಲೆ, ಯಾರೂ ಇಲ್ಲವೆಂದು ನೋಡಿಕೊಂಡು,
ತಪ್ಪನ್ನು ಗಟ್ಟಿಯಾಗಿ ಓದುತ್ತಾಳೆ.

ತುಟಿ ಕೂಡಿತು. ಬಿಟ್ಟಿತು.
ಕಿಟಕಿಯಾಚೆ ಉಪ್ಪುಗಾಳಿ.
ಅಂಜೂರದ ಗಾಡಿಯವನು ಬೆಲೆ ಕೂಗುತ್ತಿದ್ದಾನೆ.